ದಪ್ಪ ಚರ್ಮಕ್ಕೂ ನೋವುಂಟು

ಎಷ್ಟು ಬೈದರೂ ಮನಸ್ಸಿಗೆ ಹಚ್ಚಿಕೊಳ್ಳದವನನ್ನು ಕಂಡರೆ ‘ಅವನದು ಎಮ್ಮೆ ಚರ್ಮ’ ಎನ್ನುವುದು ವಾಡಿಕೆ. ಬುದ್ಧಿವಾದ ಹೇಳಿ ಸೋತವರು ‘ಎಮ್ಮೆಯ ಮೇಲೆ ಮಳೆ ಸುರಿದಂತಾಯಿತು’ ಎಂದು ಕೈಚೆಲ್ಲುತ್ತಾರೆ. ಆರೋಪಗಳ ಸುರಿಮಳೆಗೂ ಜಗ್ಗದ ರಾಜಕಾರಣಿಗೆ ಎಮ್ಮೆ ಸಾಲುವುದಿಲ್ಲ. ಅವರ ವಿಷಯಕ್ಕೆ ಬಂದಾಗ ಘೇಂಡಾಮೃಗದ ಚರ್ಮವೇ ಆಗಬೇಕು. ಚರ್ಮ ದಪ್ಪವಾದಷ್ಟೂ ನೋವಾಗಲಿ ನಾಚಿಕೆಯಾಗಲಿ ಒಳಗಿಳಿಯುವುದಿಲ್ಲ ಎಂಬ ನಂಬಿಕೆ ಈ ಮಾತುಗಳ ಹಿಂದಿದೆ.

ಆದರೆ ಎಮ್ಮೆ ಸಾಕಿದವರನ್ನು ಕೇಳಿ ನೋಡಿ. ಮಳೆಯಲ್ಲಿ ಕದಲದೆ ನಿಲ್ಲುವ ಅದೇ ಎಮ್ಮೆ ಬೇಸಿಗೆಯ ಮಧ್ಯಾಹ್ನ ಕೆರೆ ಕಂಡರೆ ಸಾಕು, ಹಿಡಿದವರ ಕೈಯಿಂದ ಹಗ್ಗ ಕಿತ್ತುಕೊಂಡು ನೀರಿಗಿಳಿಯುತ್ತದೆ. ಅದರ ಮೈ ಕಪ್ಪು, ಕೂದಲು ವಿರಳ, ಬೆವರಿನ ಗ್ರಂಥಿಗಳು ಆಕಳಿಗಿಂತ ಕಡಿಮೆ. ಬಿಸಿಲಿನ ಝಳ ಅದಕ್ಕೆ ತಡೆಯಲಾಗದು. ದಪ್ಪ ಚರ್ಮದ ಪ್ರಾಣಿಗೆ ಏನೂ ತಟ್ಟುವುದಿಲ್ಲ ಎಂಬ ಗಾದೆಮಾತು ಕೆರೆಯ ದಂಡೆಯಲ್ಲೇ ಸುಳ್ಳಾಗುತ್ತದೆ.

ಎಮ್ಮೆಗಿಂತ ಎಷ್ಟೋ ಪಟ್ಟು ಭಾರದ ಮೂರು ಪ್ರಾಣಿಗಳಿವೆ: ಆನೆ, ಘೇಂಡಾಮೃಗ ಮತ್ತು ನೀರಾನೆ. ಇಂದು ನೆಲದ ಮೇಲೆ ಉಳಿದಿರುವ ಸಸ್ಯಾಹಾರಿಗಳಲ್ಲಿ ಇವೇ ಅತ್ಯಂತ ಭಾರದವು. ಏಷ್ಯಾದ ಗಂಡಾನೆ ನಾಲ್ಕೈದು ಟನ್ ತೂಗಿದರೆ, ಭಾರತದ ಒಂಟಿಕೊಂಬಿನ ಘೇಂಡಾಮೃಗ ಸುಮಾರು ಎರಡು ಟನ್ ತೂಗುತ್ತದೆ. ಈ ಮೂರಕ್ಕೂ ಸೇರಿಸಿ ವಿಜ್ಞಾನಿಗಳೇ ಒಂದು ಕಾಲದಲ್ಲಿ ‘ದಪ್ಪ ಚರ್ಮದವು’ ಎಂಬ ಹೆಸರಿಟ್ಟಿದ್ದರು. ಆ ಹೆಸರನ್ನು ವಿಜ್ಞಾನ ಕೈಬಿಟ್ಟು ಬಹಳ ಕಾಲವಾಯಿತು. ಜನರ ಮನಸ್ಸಿನಲ್ಲಿ ಮಾತ್ರ ಅದು ಇನ್ನೂ ಉಳಿದಿದೆ.

ಹೊರನೋಟದಿಂದ ಕಟ್ಟಿದ ಕುಟುಂಬ

ಈ ವರ್ಗವನ್ನು ಬಳಕೆಗೆ ತಂದವರು ಫ್ರಾನ್ಸಿನ ಖ್ಯಾತ ಪ್ರಾಣಿಶಾಸ್ತ್ರಜ್ಞ ಜಾರ್ಜ್ ಕ್ಯುವಿಯೆ (1769–1832). ಗ್ರೀಕ್ ಭಾಷೆಯಲ್ಲಿ ‘ಪಾಕಿಸ್’ ಎಂದರೆ ದಪ್ಪ, ‘ಡರ್ಮ’ ಎಂದರೆ ಚರ್ಮ. ಗೊರಸಿದ್ದೂ ಮೆಲುಕು ಹಾಕದ ಪ್ರಾಣಿಗಳನ್ನೆಲ್ಲ ಅವರು ‘ಪ್ಯಾಕಿಡರ್ಮ್’ ಎಂಬ ಒಂದೇ ಹೆಸರಿನಡಿ ತಂದರು. ಆನೆ, ಘೇಂಡಾಮೃಗ, ನೀರಾನೆಗಳ ಜೊತೆಗೆ ಹಂದಿ ಮತ್ತು ಟೇಪಿರ್‌ಗಳೂ ಆ ಗುಂಪಿಗೆ ಸೇರಿದವು. 1817ರಲ್ಲಿ ಪ್ರಕಟವಾದ ಅವರ ಗ್ರಂಥದಲ್ಲಿ ಕುದುರೆಗೂ ಅಲ್ಲೇ ಜಾಗ ಸಿಕ್ಕಿತು.

ಕ್ಯುವಿಯೆ ಸಾಮಾನ್ಯ ಪಂಡಿತರಾಗಿರಲಿಲ್ಲ. ಆಫ್ರಿಕಾದ ಆನೆ ಮತ್ತು ಏಷ್ಯಾದ ಆನೆ ಬೇರೆ ಬೇರೆ ಪ್ರಭೇದಗಳು, ನೆಲದಡಿ ಸಿಗುವ ಮ್ಯಾಮತ್ ಇವೆರಡಕ್ಕಿಂತಲೂ ಬೇರೆ ಎಂದು ಹಲ್ಲು ಮತ್ತು ದವಡೆಗಳನ್ನು ಹೋಲಿಸಿ 1796ರಲ್ಲಿ ತೋರಿಸಿಕೊಟ್ಟವರು ಅವರೇ. ಒಂದು ಪ್ರಾಣಿವಂಶ ಭೂಮಿಯಿಂದ ಸಂಪೂರ್ಣವಾಗಿ ಅಳಿದುಹೋಗಬಲ್ಲದು ಎಂಬುದನ್ನು ಜಗತ್ತು ಒಪ್ಪುವಂತೆ ಮಾಡಿದ್ದೂ ಆ ಸಂಶೋಧನೆಯೇ. ಅಂಥವರೂ ಈ ಒಂದು ವಿಷಯದಲ್ಲಿ ಎಡವಿದರು.

1848ರಲ್ಲಿ ಬ್ರಿಟನ್ನಿನ ರಿಚರ್ಡ್ ಓವೆನ್ ಗೊರಸಿನ ಪ್ರಾಣಿಗಳನ್ನು ಕಾಲ್ಬೆರಳುಗಳ ಲೆಕ್ಕದಲ್ಲಿ ಬೇರ್ಪಡಿಸಿದರು. ಬೆಸಸಂಖ್ಯೆಯ ಬೆರಳಿನವು ಒಂದು ಕಡೆ, ಸಮಸಂಖ್ಯೆಯವು ಇನ್ನೊಂದು ಕಡೆ. ಕಾಲಿಗೆ ಮೂರು ಬೆರಳಿರುವ ಘೇಂಡಾಮೃಗ ಕುದುರೆಯ ಪಂಕ್ತಿಗೆ ಬಂತು. ನಾಲ್ಕು ಬೆರಳಿನ ನೀರಾನೆ ಹಂದಿ, ದನಗಳ ಪಂಕ್ತಿಗೆ ಹೋಯಿತು. ಸೊಂಡಿಲಿನ ಆನೆ ಎರಡರಲ್ಲೂ ಸೇರದೆ ಪ್ರತ್ಯೇಕವಾಗಿ ಉಳಿಯಿತು.

ಉಳಿದ ಅಚ್ಚರಿಯನ್ನು ಹೊರಗೆಡಹಿದ್ದು ಇಪ್ಪತ್ತನೆಯ ಶತಮಾನದ ಕೊನೆಯ ಡಿಎನ್‌ಎ ಪರೀಕ್ಷೆಗಳು. ನೀರಾನೆಗೆ ಈಗ ಬದುಕಿರುವ ಪ್ರಾಣಿಗಳಲ್ಲಿ ಅತ್ಯಂತ ಹತ್ತಿರದ ನೆಂಟ ಸಮುದ್ರದ ತಿಮಿಂಗಿಲ. ಆನೆಯ ಹತ್ತಿರದ ನೆಂಟರು ಕಡಲ ಹುಲ್ಲು ಮೇಯುವ ಡುಗಾಂಗ್ (ಕಡಲಹಸು), ಅದರ ಬಳಗದ ಮ್ಯಾನಟಿ ಮತ್ತು ಆಫ್ರಿಕಾದ ಬಂಡೆಗಳ ನಡುವೆ ವಾಸಿಸುವ, ಮೊಲದ ಗಾತ್ರದ ಹೈರಾಕ್ಸ್. ಗ್ರೀಕರು ‘ನದಿಯ ಕುದುರೆ’ ಎಂದೂ ಕನ್ನಡಿಗರು ನೀರಾನೆ, ನೀರುಕುದುರೆ ಎಂದೂ ಕರೆದ ಪ್ರಾಣಿಗೆ ಆನೆಯೂ ಹತ್ತಿರದ ಬಂಧುವಲ್ಲ, ಕುದುರೆಯೂ ಅಲ್ಲ. ಕುದುರೆಯ ನಿಜವಾದ ಬಂಧು ಘೇಂಡಾಮೃಗ! ಮೂರು ಬೇರೆ ಬೇರೆ ಮನೆತನಗಳ ಪ್ರಾಣಿಗಳು ಮೈ ದೊಡ್ಡದಾಗುತ್ತಾ ಹೋದಂತೆ ಹೊರಗಿನಿಂದ ಒಂದೇ ತೆರನಾಗಿ ಕಾಣಿಸಿಕೊಂಡವು, ಅಷ್ಟೆ.

ಗೋವಾದಿಂದ ಹೊರಟ ಘೇಂಡಾಮೃಗ

ಈ ಮೂರರಲ್ಲಿ ಚರ್ಮದಿಂದಲೇ ಹೆಸರಾದದ್ದು ಘೇಂಡಾಮೃಗ. ಸಿಂಧೂ ಕಣಿವೆಯ ಮುದ್ರೆಗಳ ಮೇಲೂ ಅದರ ಚಿತ್ರವಿದೆ. ಮಧ್ಯಯುಗದ ಭಾರತದಲ್ಲಿ ಅದರ ಚರ್ಮದಿಂದ ಗುರಾಣಿ ಮಾಡುತ್ತಿದ್ದರು. ಕುತ್ತಿಗೆ, ಭುಜ, ತೊಡೆಗಳ ಬಳಿ ಮಡಿಕೆ ಬಿದ್ದಿರುವ ಆ ಮೈ ನೋಡಿದವರಿಗೆ ಯೋಧನ ಕವಚ ನೆನಪಾಗುವುದು ಸಹಜವೇ. ಆದರೆ ಈ ಹೋಲಿಕೆ ಯುರೋಪಿನಲ್ಲಿ ಎರಡು ಶತಮಾನಗಳ ತಪ್ಪು ಕಲ್ಪನೆಗೆ ದಾರಿ ಮಾಡಿತು. ಆ ಕತೆಯ ಒಂದು ಕೊಂಡಿ ನಮ್ಮ ನೆರೆಯ ಗೋವಾದಲ್ಲಿದೆ.

1510ರಲ್ಲಿ ಬಿಜಾಪುರದ ಆದಿಲಶಾಹಿಗಳಿಂದ ಗೋವಾವನ್ನು ಕಿತ್ತುಕೊಂಡ ಪೋರ್ಚುಗೀಸ್ ಅಧಿಪತಿ ಅಫೊನ್ಸೊ ಡಿ ಅಲ್ಬುಕರ್ಕ್, ದೀವ್‌ನಲ್ಲಿ ಕೋಟೆ ಕಟ್ಟಲು ಗುಜರಾತಿನ ಸುಲ್ತಾನ ಎರಡನೆಯ ಮುಜಫರ್ ಶಾನ ಅನುಮತಿ ಕೋರಿದ. ಸುಲ್ತಾನ ಕೋಟೆಗೆ ಒಪ್ಪಲಿಲ್ಲ. ಬದಲಿಗೆ ಉಡುಗೊರೆಗಳನ್ನು ಕಳಿಸಿದ. ಅದರಲ್ಲಿ ಒಂದು ಘೇಂಡಾಮೃಗವೂ ಇತ್ತು. ಅಲ್ಬುಕರ್ಕ್ ಅದನ್ನು ತನ್ನ ದೊರೆ ಮೊದಲನೆಯ ಮಾನ್ಯುಯೆಲ್‌ನಿಗೆ ಕಾಣಿಕೆಯಾಗಿ ಹಡಗು ಹತ್ತಿಸಿದ. 1515ರ ಜನವರಿಯಲ್ಲಿ ಗೋವಾ ಬಿಟ್ಟ ಪ್ರಾಣಿ ಮೇ 20ರಂದು ಲಿಸ್ಬನ್ ತಲುಪಿತು. ರೋಮನ್ನರ ಕಾಲದ ನಂತರ ಯುರೋಪು ಜೀವಂತ ಘೇಂಡಾಮೃಗವನ್ನು ಕಂಡದ್ದು ಅದೇ ಮೊದಲು.

ಆ ಸುದ್ದಿಯ ಪತ್ರ ಮತ್ತು ಒಂದು ರೇಖಾಚಿತ್ರ ಜರ್ಮನಿಯ ನ್ಯೂರೆಂಬರ್ಗಿನಲ್ಲಿದ್ದ ಕಲಾವಿದ ಆಲ್ಬ್ರೆಕ್ಟ್ ಡ್ಯೂರರ್‌ನ ಕೈಸೇರಿದವು. ಪ್ರಾಣಿಯನ್ನು ಕಣ್ಣಾರೆ ಕಾಣದೆಯೇ ಡ್ಯೂರರ್ ಅದರ ಮರದಚ್ಚಿನ ಚಿತ್ರ ಕೆತ್ತಿದ. ಚರ್ಮದ ಮಡಿಕೆಗಳು ಅವನ ಕೈಯಲ್ಲಿ ಮೊಳೆ ಹೊಡೆದು ಜೋಡಿಸಿದ ಲೋಹದ ತಗಡುಗಳಂತಾದವು. ಹೆಗಲ ಮೇಲೆ ಇಲ್ಲದ ಇನ್ನೊಂದು ಪುಟ್ಟ ಕೊಂಬೂ ಮೂಡಿತು. ಈ ಚಿತ್ರದ ಪ್ರತಿಗಳು ಯುರೋಪಿನ ತುಂಬ ಹರಡಿದವು. ಹದಿನೆಂಟನೆಯ ಶತಮಾನದವರೆಗೂ ಜನ ಇದನ್ನೇ ನಿಜವೆಂದು ನಂಬಿದ್ದರು.

ಇತ್ತ ಆ ಘೇಂಡಾಮೃಗದ ಗತಿ ಏನಾಯಿತು? ದೊರೆ ಅದನ್ನು ಪೋಪ್ ಹತ್ತನೆಯ ಲಿಯೊಗೆ ಕಾಣಿಕೆಯಾಗಿ ಕಳಿಸಿದ. 1516ರ ಆರಂಭದಲ್ಲಿ ಇಟಲಿಯ ಕರಾವಳಿಯ ಬಳಿ ಹಡಗು ಬಿರುಗಾಳಿಗೆ ಸಿಕ್ಕಿ ಮುಳುಗಿತು. ಘೇಂಡಾಮೃಗಕ್ಕೆ ಈಜು ಚೆನ್ನಾಗಿಯೇ ಬರುತ್ತದೆ. ಆದರೆ ಸರಪಳಿಯಿಂದ ಬಿಗಿದಿದ್ದ ಆ ಪ್ರಾಣಿ ಹಡಗಿನೊಂದಿಗೇ ಸತ್ತಿತು. ಚಿತ್ರದಲ್ಲಿ ಅದು ಉಕ್ಕಿನ ಕವಚ ತೊಟ್ಟು ಅಜೇಯವಾಗಿ ನಿಂತಿದೆ!

ಯುರೋಪಿನ ಭ್ರಮೆಯನ್ನು ಕಳೆದದ್ದು ಇನ್ನೊಂದು ಭಾರತೀಯ ಘೇಂಡಾಮೃಗ. ‘ಕ್ಲಾರಾ’ ಎಂದು ಹೆಸರಾದ ಈ ಹೆಣ್ಣು ಪ್ರಾಣಿಯನ್ನು ಡಚ್ ನಾವಿಕನೊಬ್ಬ ಬಂಗಾಳದಿಂದ 1741ರಲ್ಲಿ ಹಾಲೆಂಡಿಗೆ ಒಯ್ದ. 1758ರಲ್ಲಿ ಲಂಡನ್ನಿನಲ್ಲಿ ಸಾಯುವವರೆಗೂ ಅದು ಊರೂರು ಸುತ್ತಿತು. ಜನ ಹತ್ತಿರದಿಂದ ನೋಡಿದರು, ಕಲಾವಿದರು ಎದುರಿಗೇ ನಿಂತು ಚಿತ್ರ ಬರೆದರು. ತಗಡು, ಮೊಳೆಗಳು ಮಾಯವಾಗಿ ಮಡಿಕೆ ಬಿದ್ದ ಜೀವಂತ ಚರ್ಮ ಚಿತ್ರಗಳಲ್ಲಿ ಕಾಣಿಸಿಕೊಂಡಿತು.

ಹಾಗೆಂದು ಘೇಂಡಾಮೃಗದ ಚರ್ಮ ರಕ್ಷಣೆಗೆ ಬಾರದು ಎಂದೇನೂ ಅಲ್ಲ. ಆಫ್ರಿಕಾದ ಬಿಳಿ ಘೇಂಡಾಮೃಗದ ಚರ್ಮವನ್ನು ಪರೀಕ್ಷಿಸಿ 1992ರಲ್ಲಿ ಪ್ರಕಟಿಸಿದ ಅಧ್ಯಯನವೊಂದು, ಬೆನ್ನು ಮತ್ತು ಪಕ್ಕೆಗಳಲ್ಲಿ ಅದು ಎರಡು ಸೆಂಟಿಮೀಟರಿನಷ್ಟು ದಪ್ಪವಿರುವುದನ್ನು ದಾಖಲಿಸಿತು. ಒಳಪದರದಲ್ಲಿ ಕೊಲಾಜೆನ್ ನಾರುಗಳು ಒತ್ತಾಗಿ ಹೆಣೆದುಕೊಂಡಿವೆ. ಮತ್ತೊಂದು ಘೇಂಡಾಮೃಗದ ಕೊಂಬಿನ ಇರಿತವನ್ನು ತಾಳಿಕೊಳ್ಳಲು ಈ ಏರ್ಪಾಡು. ಆದರೆ ಉಣ್ಣೆಯಂಥ ಸಣ್ಣ ಹುಳುವಿಗೆ ಈ ಕವಚ ಅಡ್ಡಿಯಲ್ಲ. ಚರ್ಮದ ಮಡಿಕೆಯಲ್ಲಿ ಕುಳಿತು ಅದು ಹಾಯಾಗಿ ರಕ್ತ ಹೀರುತ್ತದೆ. ಕೆಸರಿನಲ್ಲಿ ಹೊರಳುವುದು, ಬೆನ್ನ ಮೇಲೆ ಹಕ್ಕಿಗಳು ಕುಳಿತು ಹುಳು ಹೆಕ್ಕಿದರೂ ಸುಮ್ಮನಿರುವುದು ಈ ಕಾಟದಿಂದ ಪಾರಾಗಲೆಂದೇ.

ಅದರ ಕೊಂಬು ಸಹ ಚರ್ಮದ್ದೇ ಸೃಷ್ಟಿ. ದನದ ಕೊಂಬಿನೊಳಗೆ ಮೂಳೆಯಿರುತ್ತದೆ, ಇದರೊಳಗೆ ಮೂಳೆಯಿಲ್ಲ. ನಮ್ಮ ಉಗುರು, ಕೂದಲುಗಳಲ್ಲಿರುವ ಕೆರಾಟಿನ್ನೇ ಅದರಲ್ಲೂ ಇರುವುದು. ಔಷಧಿಯೆಂಬ ಮೂಢನಂಬಿಕೆಯಿಂದ ಈ ಕೊಂಬಿಗಾಗಿ ಘೇಂಡಾಮೃಗಗಳನ್ನು ಕೊಲ್ಲುತ್ತಾ ಬರಲಾಗಿದೆ. ಅದಕ್ಕೆ ಬೆಲೆಯಿಲ್ಲವೆಂದು ಸಾರಲು ಅಸ್ಸಾಂ ಸರ್ಕಾರ 2021ರ ಸೆಪ್ಟೆಂಬರ್ 22ರಂದು ತನ್ನ ಉಗ್ರಾಣದಲ್ಲಿದ್ದ 2,479 ಕೊಂಬುಗಳನ್ನು ಬಹಿರಂಗವಾಗಿ ಸುಟ್ಟಿತು. ಸರಿಯಾಗಿ ಕಾದರೆ ಈ ಪ್ರಾಣಿ ಉಳಿಯುತ್ತದೆ ಎಂಬುದಕ್ಕೂ ಅಸ್ಸಾಮೇ ಸಾಕ್ಷಿ. 2022ರ ಗಣತಿಯಲ್ಲಿ ಕಾಜಿರಂಗದಲ್ಲಿ 2,613 ಘೇಂಡಾಮೃಗಗಳು ಕಂಡುಬಂದವು.

ಕೆಂಪು ಬೆವರಿನ ಗುಟ್ಟು

ಆಫ್ರಿಕಾದ ನದಿಗಳಲ್ಲಿ ಹಗಲಿಡೀ ಮುಳುಗಿರುವ ನೀರಾನೆ ರಕ್ತವನ್ನೇ ಬೆವರುತ್ತದೆ ಎಂಬ ಮಾತು ಹಳೆಯದು. ನೀರಿನಿಂದ ಮೇಲೆ ಬಂದ ಪ್ರಾಣಿಯ ಮೈಮೇಲೆ ನಿಜಕ್ಕೂ ಕೆಂಪು ದ್ರವ ಜಿನುಗುತ್ತದೆ. ಅದು ರಕ್ತವಲ್ಲ, ನಾವು ತಿಳಿದಿರುವ ಬೆವರೂ ಅಲ್ಲ. ಜಪಾನಿನ ವಿಜ್ಞಾನಿಗಳು 2004ರಲ್ಲಿ ಅದರಲ್ಲಿದ್ದ ಕೆಂಪು ಮತ್ತು ಕಿತ್ತಳೆ ಬಣ್ಣದ ಎರಡು ವಸ್ತುಗಳನ್ನು ಗುರುತಿಸಿದರು. ಎರಡೂ ಬಿಸಿಲಿನ ನೇರಳಾತೀತ ಕಿರಣಗಳನ್ನು ಹೀರಿಕೊಳ್ಳುತ್ತವೆ. ಕೆಂಪು ವಸ್ತುವಿಗೆ ರೋಗಾಣುಗಳನ್ನು ತಡೆಯುವ ಗುಣವೂ ಇದೆ. ಬಿಸಿಲಿಗೆ ಹಚ್ಚಿಕೊಳ್ಳುವ ಮುಲಾಮು ಮತ್ತು ಗಾಯಕ್ಕೆ ಹಚ್ಚುವ ಔಷಧ ಎರಡನ್ನೂ ನೀರಾನೆ ತನ್ನ ಮೈಯಲ್ಲೇ ತಯಾರಿಸಿಕೊಳ್ಳುತ್ತದೆ.

ಇಷ್ಟೆಲ್ಲ ಏಕೆ ಬೇಕಾಯಿತು? ನೀರಾನೆಯ ಒಟ್ಟು ಚರ್ಮ ಕೆಲವೆಡೆ ಐದು ಸೆಂಟಿಮೀಟರ್ ದಪ್ಪವಿದ್ದರೂ ಹೊರಗಿನ ಪೊರೆ ಮಾತ್ರ ಬಹಳ ತೆಳು. ಆ ಪೊರೆಯ ಮೂಲಕ ಮೈಯ ನೀರು ಬೇಗ ಆರಿಹೋಗುತ್ತದೆ. ಬಿಸಿಲಿನಲ್ಲಿ ಬಹಳ ಹೊತ್ತು ನಿಂತರೆ ಚರ್ಮ ಬಿರುಕು ಬಿಡುತ್ತದೆ. ಆದ್ದರಿಂದಲೇ ಅದು ಹಗಲೆಲ್ಲ ನೀರಿನಲ್ಲಿದ್ದು ಕತ್ತಲಾದ ಮೇಲೆ ದಡಕ್ಕೆ ಬಂದು ಹುಲ್ಲು ಮೇಯುತ್ತದೆ. ನದಿ ಬತ್ತಿದರೆ ಇಷ್ಟು ದಪ್ಪ ಚರ್ಮವಿದ್ದೂ ಅದು ನಿರಾಶ್ರಿತ.

ಹಂಡೆಯ ನೀರಿನ ಲೆಕ್ಕ

ಆನೆಯ ಕಷ್ಟ ಅರ್ಥವಾಗಬೇಕಾದರೆ ಒಲೆಯ ಮೇಲಿಂದ ಇಳಿಸಿದ ಲೋಟದ ಕಾಫಿ ಮತ್ತು ಬಚ್ಚಲ ಹಂಡೆಯ ಬಿಸಿನೀರನ್ನು ನೆನೆದರೆ ಸಾಕು. ಲೋಟದ ಕಾಫಿ ಬೇಗ ಆರುತ್ತದೆ, ಹಂಡೆಯ ನೀರು ಗಂಟೆಗಟ್ಟಲೆ ಬಿಸಿಯಾಗಿರುತ್ತದೆ. ಗಾತ್ರ ಹೆಚ್ಚಿದಂತೆ ಒಳಗಿನ ಶಾಖದ ಹೋಲಿಕೆಯಲ್ಲಿ ಅದು ಹೊರಹೋಗುವ ಮೈ ಕಡಿಮೆಯಾಗುತ್ತದೆ. ಆನೆಯ ದೇಹ ಅಂಥ ಒಂದು ಹಂಡೆ. ಚಳಿಯ ನಾಡಿನಲ್ಲಿದ್ದ ಅದರ ಬಂಧು ಉಣ್ಣೆಯ ಮ್ಯಾಮತ್‌ಗೆ ಮೈತುಂಬ ದಟ್ಟ ರೋಮವಿತ್ತು. ಬಿಸಿನಾಡಿನ ಆನೆಗೆ ಅದು ಬೇಕಿಲ್ಲ. ಆನೆಯ ಬೆವರುಗ್ರಂಥಿಗಳೂ ಉಗುರುಗಳ ಸುತ್ತಮುತ್ತ ಬಿಟ್ಟರೆ ಬೇರೆಡೆ ಇಲ್ಲ.

ಹಾಗಾದರೆ ಮೈ ತಂಪಾಗುವುದು ಹೇಗೆ? ಒಂದು, ಕಿವಿ. ಅಗಲವಾದ ತೆಳು ಕಿವಿಗಳ ಹಿಂಬದಿಯಲ್ಲಿ ರಕ್ತನಾಳಗಳ ಜಾಲವಿದೆ. ಆನೆ ಕಿವಿ ಬೀಸಿದಂತೆ ಅಲ್ಲಿ ಹರಿಯುವ ರಕ್ತ ತಂಪಾಗಿ ಒಳಗೆ ಮರಳುತ್ತದೆ. ಇನ್ನೊಂದು, ನೀರು ಮತ್ತು ಕೆಸರು. ಸ್ವಿಟ್ಜರ್ಲೆಂಡಿನ ಜಿನೀವಾ ವಿಶ್ವವಿದ್ಯಾಲಯದ ವಿಜ್ಞಾನಿಗಳು 2018ರಲ್ಲಿ ಪ್ರಕಟಿಸಿದ ಅಧ್ಯಯನ ಈ ಬಗ್ಗೆ ಹೊಸ ಬೆಳಕು ಚೆಲ್ಲಿತು. ಆಫ್ರಿಕಾದ ಆನೆಯ ಚರ್ಮದ ಹೊರಪದರ ದಪ್ಪವಾಗುತ್ತಾ ಬಂದಂತೆ ಬಾಗಿ, ಬಿರಿದು, ಅಲ್ಲಿ ಸೂಕ್ಷ್ಮ ಬಿರುಕುಗಳ ಜಾಲವೇ ಮೂಡುತ್ತದೆ. ನುಣುಪಾದ ಮೈಗಿಂತ ಐದರಿಂದ ಹತ್ತು ಪಟ್ಟು ಹೆಚ್ಚು ನೀರು ಈ ಬಿರುಕುಗಳಲ್ಲಿ ನಿಲ್ಲುತ್ತದೆ. ಮೆತ್ತಿಕೊಂಡ ಕೆಸರೂ ಬೇಗ ಉದುರುವುದಿಲ್ಲ. ಬೆವರಲಾರದ ಪ್ರಾಣಿ ಹೊರಗಿನ ನೀರನ್ನೇ ಬೆವರಿನಂತೆ ಹೊತ್ತು ತಿರುಗುತ್ತದೆ. ಏಷ್ಯಾದ ಆನೆಗೆ ಸುಕ್ಕುಗಳಿದ್ದರೂ ಇಷ್ಟು ಬಿರುಕುಗಳಿಲ್ಲ. ಅದು ಹೆಚ್ಚಾಗಿ ಕಾಡಿನ ನೆರಳು, ಹೊಳೆಗಳನ್ನು ನೆಚ್ಚಿಕೊಂಡ ಪ್ರಾಣಿ.

ನೆರಳು, ನೀರಿನಷ್ಟೇ ಮೇವೂ ಮುಖ್ಯ. ‘ಆನೆ ಹೊಟ್ಟೆಗೆ ಅರೆಕಾಸಿನ ಮಜ್ಜಿಗೆ’ ಎಂಬ ಗಾದೆ ಸುಮ್ಮನೆ ಹುಟ್ಟಿದ್ದಲ್ಲ. ದೊಡ್ಡ ಆನೆಯೊಂದಕ್ಕೆ ದಿನಕ್ಕೆ ಸುಮಾರು 150 ಕಿಲೊ ಮೇವು, ನೂರು ಲೀಟರಿಗೂ ಹೆಚ್ಚು ನೀರು ಬೇಕು. ತಿಂದದ್ದರಲ್ಲಿ ಅರ್ಧದಷ್ಟೂ ಸರಿಯಾಗಿ ಜೀರ್ಣವಾಗದು. ಹಾಗಾಗಿ ಆನೆ ದಿನದ ಹೆಚ್ಚಿನ ಹೊತ್ತನ್ನು ತಿನ್ನುವುದರಲ್ಲೇ ಕಳೆಯುತ್ತದೆ, ಒಂದೆಡೆ ನಿಲ್ಲದೆ ನಡೆಯುತ್ತಲೇ ಇರುತ್ತದೆ. ಜೀರ್ಣವಾಗದ ಬೀಜಗಳು ಲದ್ದಿಯೊಡನೆ ದೂರದೂರ ಬಿದ್ದು ಮೊಳೆಯುತ್ತವೆ. ಹೀಗೆ ಕಾಡಿಗೆ ಆನೆಯಿಂದ ಉಪಕಾರವೂ ಇದೆ.

ಮಾವುತನ ಕಾಲ್ಬೆರಳು

ಆನೆಯ ಚರ್ಮದ ಬಗ್ಗೆ ಪ್ರಯೋಗಾಲಯಕ್ಕಿಂತ ಮೊದಲೇ ತಿಳಿದಿದ್ದವರು ಮಾವುತರು. ಕನ್ನಡ ನಾಡಿನಲ್ಲಿ ಈ ವಿದ್ಯೆಗೆ ದೊಡ್ಡ ಪರಂಪರೆಯಿದೆ. ತಲಕಾಡಿನ ಗಂಗರ ಲಾಂಛನವೇ ಆನೆ. ಗಂಗ ದೊರೆ ಎರಡನೆಯ ಶಿವಮಾರ ‘ಗಜಾಷ್ಟಕ’ ಎಂಬ ಕೃತಿ ರಚಿಸಿದ್ದನೆಂದು ಶಾಸನ ತಿಳಿಸುತ್ತದೆ. ಅದು ಒನಕೆವಾಡಾಗಿ ಮನೆಮನೆಯ ಹೆಂಗಸರ ಬಾಯಲ್ಲೂ ಇತ್ತಂತೆ.

ಸಕ್ರೆಬೈಲಿನಲ್ಲೋ ದುಬಾರೆಯಲ್ಲೋ ಆನೆಗಳ ಸ್ನಾನ ನೋಡಿದವರಿಗೆ ಒಂದು ಸಂಗತಿ ಗಮನಕ್ಕೆ ಬಂದಿರಬಹುದು. ಮಾವುತ ಆನೆಯ ಕುತ್ತಿಗೆಯ ಮೇಲೆ ಕುಳಿತು, ಕಿವಿಗಳ ಹಿಂದೆ ಕಾಲು ಇಳಿಬಿಟ್ಟು, ಬರೀ ಕಾಲ್ಬೆರಳುಗಳ ಒತ್ತಡದಿಂದ ಅದನ್ನು ಎಡಕ್ಕೆ, ಬಲಕ್ಕೆ ತಿರುಗಿಸುತ್ತಾನೆ. ಬೆನ್ನಿನ ಮೇಲೆ ಎರಡು ಮೂರು ಸೆಂಟಿಮೀಟರ್ ದಪ್ಪವಿರುವ ಚರ್ಮ ಕಿವಿಯ ಹಿಂದೆ ತೀರಾ ತೆಳುವಾಗಿರುತ್ತದೆ. ಮನುಷ್ಯನ ಒಂದು ಬೆರಳು ಏನು ಹೇಳಿತೆಂದು ನಾಲ್ಕು ಟನ್ನಿನ ಪ್ರಾಣಿಗೆ ಅಲ್ಲಿ ತಿಳಿಯುತ್ತದೆ. ಮೈಸೂರು ದಸರೆಯಲ್ಲಿ 750 ಕಿಲೊ ತೂಕದ ಚಿನ್ನದ ಅಂಬಾರಿ ಏರಿಸುವ ಮೊದಲು ಆನೆಯ ಬೆನ್ನಿಗೆ ನಮ್ದಾ, ಗಾದಿಗಳನ್ನು ಹಾಸಿ ಕಟ್ಟುತ್ತಾರೆ. ಏನೂ ತಟ್ಟದ ಚರ್ಮಕ್ಕೆ ಗಾದಿ ಏಕೆ ಬೇಕಿತ್ತು?

ಆನೆಗೆ ಜೇನುನೊಣದ ಭಯವೂ ಇದೆ. ಜೇನಿನ ಝೇಂಕಾರ ಕೇಳಿಸಿದರೆ ಸಾಕು, ಆನೆಗಳು ಜಾಗ ಬಿಡುತ್ತವೆ ಎಂದು ಕೀನ್ಯಾದಲ್ಲಿ ಸಂಶೋಧನೆ ನಡೆಸಿದ ಲೂಸಿ ಕಿಂಗ್ ಮತ್ತು ಸಂಗಡಿಗರು 2007ರಲ್ಲಿ ತೋರಿಸಿದರು. ಕಣ್ಣಿನ ಸುತ್ತ, ಸೊಂಡಿಲಿನ ಒಳಗೆ ಕುಟುಕಿದರೆ ತಾಳಲಾಗದ ನೋವು. ಇದನ್ನೇ ಉಪಾಯ ಮಾಡಿಕೊಂಡು ಅಲ್ಲಿನ ರೈತರು ಹೊಲದ ಸುತ್ತ ಜೇನುಪೆಟ್ಟಿಗೆಗಳ ಬೇಲಿ ಕಟ್ಟಿದರು. 2021ರಲ್ಲಿ ಖಾದಿ ಮತ್ತು ಗ್ರಾಮೋದ್ಯೋಗ ಆಯೋಗ ಕೊಡಗಿನಲ್ಲೂ ಈ ಪ್ರಯೋಗ ಆರಂಭಿಸಿತು.

ಬೇಲಿಯ ತಂತಿ

ಈ ವಿಷಯ ಕರ್ನಾಟಕಕ್ಕೆ ಬರೀ ಕುತೂಹಲದ್ದಲ್ಲ. 2025ರಲ್ಲಿ ಪ್ರಕಟವಾದ, ಲದ್ದಿಯ ಡಿಎನ್‌ಎ ಆಧರಿಸಿದ ಅಂದಾಜಿನ ಪ್ರಕಾರ ದೇಶದ 22,446 ಕಾಡಾನೆಗಳಲ್ಲಿ 6,013 ಇರುವುದು ಇಲ್ಲೇ. ಬೇರಾವ ರಾಜ್ಯದಲ್ಲೂ ಇಷ್ಟಿಲ್ಲ. ಕೊಡಗು, ಹಾಸನ, ಚಾಮರಾಜನಗರ ಜಿಲ್ಲೆಗಳ ಕಾಡಂಚಿನಲ್ಲಿ ಒಂದು ರಾತ್ರಿಯಲ್ಲಿ ವರ್ಷದ ಬೆಳೆ ಕಳೆದುಕೊಂಡ ರೈತರಿದ್ದಾರೆ, ಆನೆ ತುಳಿತಕ್ಕೆ ಮನೆಯವರನ್ನೇ ಕಳೆದುಕೊಂಡವರೂ ಇದ್ದಾರೆ. ಅವರ ಸಂಕಟ ಸಣ್ಣದಲ್ಲ.

ಆನೆಯನ್ನು ತಡೆಯಲು ಹಾಕುವ ಸೌರಬೇಲಿ ಕೆಲಸ ಮಾಡುವುದೇ ಆನೆಯ ಚರ್ಮಕ್ಕೆ ನೋವು ತಿಳಿಯುವುದರಿಂದ. ಅದರಲ್ಲಿ ವಿದ್ಯುತ್ ಸತತವಾಗಿ ಹರಿಯುವುದಿಲ್ಲ. ಸೆಕೆಂಡಿಗೊಮ್ಮೆ ಕಣ್ಣು ಮಿಟುಕಿಸುವುದಕ್ಕಿಂತ ಕಡಿಮೆ ಅವಧಿಗೆ ಹಾಯ್ದು ನಿಲ್ಲುತ್ತದೆ. ಮುಟ್ಟಿದ ಪ್ರಾಣಿ ಬೆಚ್ಚಿ ಹಿಂದೆ ಸರಿಯುತ್ತದೆ, ಸಾಯುವುದಿಲ್ಲ. ದಂತಕ್ಕೆ ಶಾಕ್ ತಗಲುವುದಿಲ್ಲ ಎಂದು ಕಂಡುಕೊಂಡ ಸಲಗಗಳು ದಂತದಿಂದಲೇ ತಂತಿ ಮುರಿಯುವುದುಂಟು. ಮರ ಉರುಳಿಸಿ ಬೇಲಿ ಕೆಡವುವ ಆನೆಗಳೂ ಇವೆ. ನೋವು ಗೊತ್ತಿಲ್ಲದ ಪ್ರಾಣಿಗೆ ಇಂಥ ಉಪಾಯ ಹೊಳೆಯಲು ಕಾರಣವೇ ಇರುತ್ತಿರಲಿಲ್ಲ.

ಆದರೆ ಸೌರಬೇಲಿಯ ಬದಲು ಕಂಬದ ವಿದ್ಯುತ್ತನ್ನೇ ನೇರವಾಗಿ ತಂತಿಗೆ ಹರಿಸಿದಾಗ ಆನೆಗೆ ಹಿಂದೆ ಸರಿಯಲು ಅವಕಾಶವೇ ಸಿಗುವುದಿಲ್ಲ. ಭಾರತದಲ್ಲಿ ಮನುಷ್ಯನ ಕಾರಣದಿಂದ ಸಾಯುವ ಆನೆಗಳಲ್ಲಿ ಹೆಚ್ಚಿನವು ವಿದ್ಯುತ್ ಆಘಾತದಿಂದಲೇ ಸಾಯುತ್ತವೆ. ಜೋತುಬಿದ್ದ ತಂತಿಗಳು ಕೆಲವು ಸಾವಿಗೆ ಕಾರಣವಾದರೆ, ಬೇಲಿಗೆ ಕಳ್ಳತನದಿಂದ ಹರಿಸಿದ ವಿದ್ಯುತ್ ಇನ್ನು ಕೆಲವಕ್ಕೆ. ಅದೇ ತಂತಿ ದನಕರುಗಳನ್ನೂ, ಕತ್ತಲಲ್ಲಿ ಹೊಲಕ್ಕೆ ಹೋದ ಮನುಷ್ಯರನ್ನೂ ಬಲಿ ತೆಗೆದುಕೊಂಡ ಉದಾಹರಣೆಗಳಿವೆ. ಎಲ್ಲ ಚರ್ಮಗಳೂ ಅದಕ್ಕೆ ಒಂದೇ.

‘ದಪ್ಪ ಚರ್ಮದವು’ ಎಂಬ ವರ್ಗವನ್ನು ವಿಜ್ಞಾನ ತನ್ನ ಪುಸ್ತಕದಿಂದ ಅಳಿಸಿ ಒಂದೂವರೆ ಶತಮಾನವೇ ಕಳೆದಿದೆ. ಆನೆಗೆ ಏನು ತಟ್ಟೀತು ಎಂಬ ಉಡಾಫೆ ಮಾತ್ರ ಅಳಿದಿಲ್ಲ. ಆ ಚರ್ಮ ಎಷ್ಟು ಸೂಕ್ಷ್ಮವೆಂಬುದು ಮಾವುತನ ಕಾಲ್ಬೆರಳಿಗೆ ಗೊತ್ತು. ಬೇಲಿಗೆ ವಿದ್ಯುತ್ ಕೊಕ್ಕೆ ಸಿಕ್ಕಿಸುವ ಕೈಗೂ ಅದು ಗೊತ್ತಾಗಬೇಕು.